ಕರಿಬಂಡೆಯ ಬುಡದ ಹಿಮ

ಒಲೆಯ ಮೇಲಿನ ತಂತಿಯಿಂದ ಮೆಂಗಿಯಾ ರೋಮದ ಪಟ್ಟಿಗಳನ್ನು ಒಂದೊಂದಾಗಿ ಇಳಿಸುತ್ತಿದ್ದಳು. ಸ್ಕೀ ಹಲಗೆಯ ಅಡಿಗೆ ಅಂಟಿಸಿಕೊಂಡರೆ ಏರಿನಲ್ಲಿ ಹಿಂದಕ್ಕೆ ಜಾರದಂತೆ ಹಿಡಿಯುವ ಪಟ್ಟಿಗಳು ಅವು. ಎರಡು ಇನ್ನೂ ಒದ್ದೆಯಾಗಿದ್ದವು. ಮತ್ತೆ ತಂತಿಗೆ ಹಾಕಲು ಕೈ ಎತ್ತಿದಾಗ ಭುಜ ಚಳಕ್ ಎಂದಿತು. ಸ್ಟೂಲಿನ ಮೇಲೆಯೇ ಕಣ್ಣು ಮುಚ್ಚಿ ನಿಂತಳು. ಈಗೀಗ ಅವಳ ದಣಿವು ನಿದ್ದೆ ಮಾಡಿದರೂ ಹೋಗುತ್ತಿರಲಿಲ್ಲ.

"ಅತ್ತೆ, ಅಲ್ಲೇ ಗೂಡು ಕಟ್ತೀಯೋ, ಇಳೀತೀಯೋ?" ಕಾಫಿ ಬಗ್ಗಿಸುತ್ತ ಕೇಳಿದ ಅಣ್ಣನ ಮಗ ಕುರ್ದಿನ್.

"ಬಂದು ಕೈ ಕೊಟ್ರೆ ತಾನೆ ಇಳಿಯೋದು, ದಂಡಪಿಂಡ."

ಘಾಟಿ ದಾಟುವವರಿಗೆ ಬೆಳಿಗ್ಗೆ "ಹೋಗಿ" ಎನ್ನುವುದೋ "ಬೇಡ" ಎನ್ನುವುದೋ, ಅದು ಬೆಟ್ಟದ ಮೇಲಿನ ಆ ತಂಗುಮನೆ ನೋಡಿಕೊಳ್ಳುವವರ ಹೊಣೆ. ಮೊದಲು ಅವಳ ಅಪ್ಪ ಹೇಳುತ್ತಿದ್ದ, ಆಮೇಲೆ ಅವಳು. ಹಿಮಕುಸಿತದ ಸರ್ಕಾರಿ ಮುನ್ಸೂಚನೆ ಇಡೀ ಸೀಮೆಗೆ ಒಂದೇ. ಈ ಒಂದು ಇಳಿಜಾರಿನ ಸಂಗತಿ ತಿಳಿಯಬೇಕಾದರೆ ಇಲ್ಲೇ ಹಿಮ ಅಗೆದು, ಪದರ ಜಾರುತ್ತದೋ ಎಂದು ನೋಡಬೇಕು. ಅಗೆದು ಅಗೆದು, ಬೇಡ ಎಂದು ಎಂದು, ಗಂಟು ಹಾಕಿದ ಮುಖಗಳನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು.

ನಾನು ಬಿಡುತ್ತೇನೆ, ನನ್ನ ಜಾಗಕ್ಕೆ ಕುರ್ದಿನ್ ಇರಲಿ ಎಂದು ತಂಗುಮನೆಯನ್ನು ತಮಗೆ ವಹಿಸಿದ್ದ ಚಾರಣಿಗರ ಸಂಘಕ್ಕೆ ಪತ್ರವನ್ನು ಹಿಮ ಬೀಳುವ ಮೊದಲೇ ಬರೆದಿದ್ದಳು. ಕಳಿಸಿರಲಿಲ್ಲ. ಕುರ್ದಿನ್ ಹಿಮ ಬಲ್ಲವನೇ. ಆದರೆ ಯಾರಿಗೂ ಇಲ್ಲ ಎನ್ನಲು ಬಾಯಿ ಬಾರದವನು. ತಡವಾಗಿ ಬಂದವರಿಗೆ ತನ್ನ ಹಾಸಿಗೆ ಬಿಟ್ಟುಕೊಟ್ಟು ಅಡುಗೆಮನೆಯ ಬೆಂಚಿನ ಮೇಲೆ ಮಲಗುವವನು. ಅಂಥವನ ಬಾಯಿಗೆ ಜನರ ಜೀವವನ್ನು ಹೇಗೆ ಒಪ್ಪಿಸುವುದು?

ಅಂದು ಜ್ಯೂರಿಕ್‌ನಿಂದ ಬಂದ ನಾಲ್ವರಿದ್ದರು. ಅವರ ಮುಂದಾಳು ಜೋಲಿಂಗರ್ ಹಲ್ಲಿನ ವೈದ್ಯ.

"ಇವತ್ತಿನ ಮುನ್ಸೂಚನೇಲಿ ಅಪಾಯ ಐದಕ್ಕೆ ಮೂರಂತೆ. ಹಾಗಾದ್ರೆ ಪಾಸೇ ಅಲ್ವಾ?" ಎಂದು ಆತ ನಕ್ಕ.

"ಶಾಲೇಲಿ ಪಾಸು. ಇಲ್ಲಿ ಜನ ಸಾಯೋದು ಹೆಚ್ಚಾಗಿ ಮೂರರಲ್ಲೇ," ಎಂದಳು ಮೆಂಗಿಯಾ. ಆತ ನಗು ನಿಲ್ಲಿಸಿ ಶೂ ಬಿಗಿದುಕೊಂಡ.

ಘಾಟಿಯ ದೊಡ್ಡ ಇಳಿಜಾರು ಶುರುವಾಗುವ ಮೊದಲು ಒಂದು ಕರಿಬಂಡೆಯಿದೆ. ಅಪ್ಪ ಅಗೆಯುತ್ತಿದ್ದುದು ಅದರ ಬುಡದಲ್ಲಿ, ಅವಳೂ ಅಲ್ಲೇ. ಕುರ್ದಿನ್ ಮತ್ತು ಆ ನಾಲ್ವರ ಮುಂದೆ ತಲೆ ತಗ್ಗಿಸಿಕೊಂಡು ಅಲ್ಲಿಗೆ ಬಂದಳು, ಸಲಿಕೆ ಹಾಕಿದಳು. ಮಂಚದಷ್ಟು ಅಗಲದ ಹಿಮದ ಗಡ್ಡೆಯೊಂದನ್ನು ಸುತ್ತಲೂ ಗರಗಸದಿಂದ ಬಿಡಿಸಿದರು. ಕುರ್ದಿನ್ ಹಲಗೆ ಸಮೇತ ಅದರ ಮೇಲೆ ನಿಂತ. ಮೊಣಕಾಲು ಬಗ್ಗಿಸಿ ಒತ್ತಿದ, ಹಾರಿದ, ಮತ್ತೆ ಹಾರಿದ. ಗಡ್ಡೆ ಅಲ್ಲಾಡಲಿಲ್ಲ.

"ಸರಿ. ಹೋಗಬಹುದು," ಎಂದಳು ಮೆಂಗಿಯಾ. ಇನ್ನು ಮನೆಗೆ ಹೋಗಿ ಕಾಲು ಚಾಚಬಹುದು ಎಂಬುದೊಂದೇ ಅವಳ ತಲೆಯಲ್ಲಿತ್ತು.

"ಬೇಡ," ಎಂದ ಕುರ್ದಿನ್.

ಎಲ್ಲರೂ ಅವನ ಕಡೆ ತಿರುಗಿದರು.

"ಈ ಸಲ ಗಾಳಿ ಬೀಸಿದ್ದು ದಕ್ಷಿಣದಿಂದ, ಅತ್ತೆ. ಇಲ್ಲಿನ ಹೊಸ ಹಿಮನೆಲ್ಲ ಗುಡಿಸಿ ಆಚೆ ದೊಡ್ಡ ಇಳಿಜಾರಿನ ಮೇಲೆ ಹಾಕಿದೆ. ಇಲ್ಲಿ ಜಾರೋಕೆ ಉಳಿದಿರೋದಾದ್ರೂ ಏನು?"

"ನಿಮ್ಮಜ್ಜ ಅಗೆದ ಜಾಗ ಕಣೋ ಇದು!"

"ಗಾಳಿ ಅಜ್ಜನ್ನ ಕೇಳಿಕೊಂಡು ಬೀಸ್ತಿತ್ತಾ?"

"ಅಲ್ಲಪ್ಪಾ, ಮನೆ ಯಜಮಾನಿ ಹೋಗಿ ಅಂದಾಯ್ತಲ್ಲ," ಎಂದ ಜೋಲಿಂಗರ್. "ಆ ಕಡೆ ಬಸ್ಸು ನಮಗೋಸ್ಕರ ಕಾಯುತ್ತಾ?"

ಕುರ್ದಿನ್‌ನ ಕಿವಿ ಕೆಂಪಾಯಿತು. ಈಗ ಹಲ್ಲು ಕಿರಿದು ಒಪ್ಪಿಕೊಳ್ಳುತ್ತಾನೆ ಎಂದು ಮೆಂಗಿಯಾ ಕಾದಳು. ಅವನು ಸಲಿಕೆ ಎತ್ತಿಕೊಂಡು ಬಂಡೆಯ ಆಚೆ ನಡೆದ. ಅಲ್ಲಿ ಆಳೆತ್ತರದ ಸಣ್ಣ ದಿಬ್ಬವೊಂದಿತ್ತು. ದೊಡ್ಡ ಇಳಿಜಾರು ಮುಖ ಮಾಡಿದ ದಿಕ್ಕಿಗೇ ಅದರ ಮುಖವೂ, ಕಡಿದೂ ಅಷ್ಟೇ, ಬಿದ್ದರೂ ಯಾರನ್ನೂ ಹೂಳದಷ್ಟು ಚಿಕ್ಕದು. ಅಲ್ಲಿ ಅಗೆದ. ಗರಗಸ ಇನ್ನೂ ಹಿಂಬದಿಯ ಕೊನೆ ಮುಟ್ಟಿರಲಿಲ್ಲ, ಡ್ರಾಯರ್ ಎಳೆದ ಹಾಗೆ ಇಡೀ ಗಡ್ಡೆ ನುಣ್ಣಗೆ ಜಾರಿ ಅವನ ಕಾಲ ಬಳಿ ಬಂದು ಒಡೆಯಿತು. ಅದು ಕೂತಿದ್ದ ಪದರ ಒಣ ಸಕ್ಕರೆಯಂತೆ ಉದುರುತ್ತಿತ್ತು.

ಮೆಂಗಿಯಾ ಆಗ ತಲೆಯೆತ್ತಿದಳು. ಮೇಲಿನ ಶಿಖರದ ಅಂಚಿನಲ್ಲಿ ಗಾಳಿ ಕಟ್ಟುವ ಹಿಮದ ಸೂರು ಎಂದಿನ ಕಡೆಗಲ್ಲ, ಈ ಇಳಿಜಾರಿನ ಕಡೆಗೆ ಬಾಗಿತ್ತು. ತಂಗುಮನೆಯ ಬಾಗಿಲಲ್ಲಿ ನಿಂತರೇ ಕಾಣುವಂಥದ್ದು. ಅವಳು ನೋಡಿರಲೇ ಇಲ್ಲ. ನೋಡಲೆಂದಲ್ಲ, ಮುಗಿಸಲೆಂದು ಬಂದಿದ್ದಳು. ಅವಳ "ಹೋಗಬಹುದು" ಕೇಳಿಕೊಂಡು ಆ ನಾಲ್ವರೂ ಈ ಹೊತ್ತಿಗೆ ಇಳಿಜಾರಿನ ನಡುವೆ ಇರುತ್ತಿದ್ದರು.

"ಇನ್ನೊಂದು ಕಡೆ ಅಗೆದು ನೋಡಿದ್ರೆ?" ಜೋಲಿಂಗರ್‌ನ ದನಿ ಸಣ್ಣದಾಗಿತ್ತು.

"ಹೋಗಿ ಅನ್ನೋ ಜಾಗ ಸಿಗೋವರೆಗೂ ಅಗೀತಾ ಹೋದ್ರೆ, ಕೊನೆಗೆ ನಮ್ಮನ್ನ ಹುಡುಕಿ ಅಗೀಬೇಕಾಗುತ್ತೆ, ಸಾರ್. ವಾಪಸ್ ನಡೀರಿ," ಎಂದ ಕುರ್ದಿನ್.

ತಂಗುಮನೆಯಲ್ಲಿ ಆ ನಾಲ್ವರು ಬಾರ್ಲಿ ಸಾರಿನ ಮುಂದೆ ಮುಖ ಊದಿಸಿಕೊಂಡು ಕುಳಿತರು. ಕುರ್ದಿನ್ ಅಡುಗೆಮನೆಗೆ ಬಂದ.

"ಎಲ್ಲರ ಮುಂದೆ ನಂಗೇ ಬೇಡ ಅಂದ್ಯಲ್ಲೋ."

"ಬೇಜಾರಾಯ್ತಾ, ಅತ್ತೆ?"

"ಆಯ್ತು," ಎಂದಳು. ಸಾರಿನ ಪಾತ್ರೆ ಅವನ ಕೈಗಿಟ್ಟು, "ನಾಳೆನೂ ಹಾಗೇ ಅನ್ನು. ಹೋಗು, ಅವರಿಗೆ ಇನ್ನಷ್ಟು ಸಾರು ಬಡಿಸು. ಬೈದ್ರೆ ಬೈಸ್ಕೋ," ಎಂದಳು.

ಅವನು ಹೋದ ಮೇಲೆ ಕಪಾಟಿನಿಂದ ಪತ್ರ ತೆಗೆದು, ಮೇಲಿನ ತಾರೀಖು ಹೊಡೆದುಹಾಕಿ ಅಂದಿನದನ್ನು ಬರೆದಳು. ಬೇರೇನನ್ನೂ ತಿದ್ದಲಿಲ್ಲ. ಹಿತ್ತಲಲ್ಲಿ ಕಣಿವೆಯಿಂದ ದಿನಸಿ ತರುವ ಹಗ್ಗದ ತೊಟ್ಟಿ ನಿಂತಿತ್ತು. ಅದರಲ್ಲಿದ್ದ ಅಂಚೆಚೀಲದೊಳಕ್ಕೆ ಪತ್ರ ಹಾಕಿ, ಚೀಲದ ಬಾಯಿ ಕಟ್ಟಿ, ಕೆಳಗಿನವನಿಗೆ ಗಂಟೆ ಒತ್ತಿದಳು. ಹಗ್ಗ ಬಿಗಿಯಾಯಿತು. ತೊಟ್ಟಿ ಒಮ್ಮೆ ತೂಗಾಡಿ ಕಣಿವೆಯ ಕಡೆಗೆ ಹೊರಟಿತು.