ಕೇಳಿಸಿತು ಎಂದು ಹೇಳುವ ಪುಟ

ಗಂಟಲಿನ ಆಪರೇಷನ್ ಆದ ಮೇಲೆ ಡಾಕ್ಟರು ದೊಡ್ಡಮ್ಮನಿಗೆ ಹೇಳಿದ್ದು ಒಂದೇ ಮಾತು: ಗಾಯ ಮಾಯುವ ತನಕ ಕೂಗಬಾರದು, ಕೂಗಿದರೆ ದನಿ ಹೋದದ್ದು ಹೋದಂತೆಯೇ. ನಮ್ಮ ಲಾಂಡ್ರಿಯಲ್ಲಿ ಅದು ಸುಲಭವಲ್ಲ. ಮುಂದೆ ಕೌಂಟರಿನಲ್ಲಿ ಅವಳು, ಹಿಂದಿನ ಕೋಣೆಯಲ್ಲಿ ಒಗೆಯುವ ಯಂತ್ರಗಳ ನಡುವೆ ನಾನು. ಆ ಗದ್ದಲ ಸೀಳಿಕೊಂಡು ಬರುತ್ತಿದ್ದದ್ದು ಅವಳ ದನಿಯೊಂದೇ.

ಆಗ ನಾನು ಸಂಜೆ ತರಗತಿಯೊಂದರಲ್ಲಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದೆ, ಅದರಲ್ಲೇ ಅವಳಿಗೊಂದು ವೆಬ್ ಪುಟ ಮಾಡಿದೆ. ಪುಟದಲ್ಲಿ ಒಂದೇ ಗುಂಡಿ: ‘ಬಾ’. ಅವಳು ತನ್ನ ಫೋನಿನಲ್ಲಿ ಒತ್ತಿದರೆ ಕೋರಿಕೆ ಹಿಂದಿನ ಕೋಣೆಯ ಕಂಪ್ಯೂಟರಿಗೆ ಬರುತ್ತದೆ, ನನ್ನ ಜೇಬಿನ ಫೋನು ಅದುರುತ್ತದೆ.

"ಒಂದು ಗಂಟೆ ಕಟ್ಟಿದ್ರೆ ಆಗ್ತಿರ್ಲಿಲ್ವೇನೇ?" ಎಂದರು ದೊಡ್ಡಪ್ಪ.

"ಯಂತ್ರದ ಸದ್ದಲ್ಲಿ ಗಂಟೆ ಕೇಳ್ಸಲ್ಲ ದೊಡ್ಡಪ್ಪ."

"ನಿಮ್ಮ ದೊಡ್ಡಮ್ಮಂಗೆ ಸೋತ ಯಂತ್ರ, ಗಂಟೆಗೆ ಸೋಲಲ್ವಾ!"

ದೊಡ್ಡಮ್ಮ ಸದ್ದಿಲ್ಲದೆ ನಕ್ಕು ಅವರ ತೋಳಿಗೊಂದು ಏಟು ಕೊಟ್ಟಳು.

ಕೊನೆಗಳಿಗೆಯಲ್ಲಿ ನನಗೊಂದು ಅಳುಕು ಹತ್ತಿತು. ನಾನು ಹೊರಡುವ ಮೊದಲೇ ಪುಟ ‘ಬರ್ತೀನಿ’ ಎಂದುಬಿಟ್ಟರೆ ಸುಳ್ಳಾದೀತಲ್ಲ? ಹಾಗಾಗಿ ನನ್ನ ಫೋನಿನಲ್ಲಿ ನಾನು ‘ಹೊರಟೆ’ ಎಂದು ಒತ್ತಿದ ಮೇಲಷ್ಟೇ ಅವಳಿಗೆ ಉತ್ತರ ಹೋಗುವಂತೆ ಬರೆದೆ. ಅಲ್ಲಿಯ ತನಕ ಪ್ರೋಗ್ರಾಮು ಕಾಯುತ್ತ ಕೂರಲಿ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಜೇಬು ಅದುರಿತು. ಕೈಯೊರೆಸಿಕೊಂಡು ‘ಹೊರಟೆ’ ಒತ್ತಿದೆ. ಪುಟ ಅಲ್ಲಾಡಲಿಲ್ಲ. ಮತ್ತೆ ಒತ್ತಿದೆ. ಅಷ್ಟರಲ್ಲಿ ಕೌಂಟರಿನ ಕಡೆಯಿಂದ ಬಿರುಕುಬಿಟ್ಟ ದನಿಯೊಂದು ಬಂತು: "ಬಾರೇ!"

ಓಡಿದೆ. ದೊಡ್ಡಮ್ಮ ಗಂಟಲು ಹಿಡಿದುಕೊಂಡು ನಿಂತಿದ್ದಳು, ಕಣ್ಣಲ್ಲಿ ನೀರು. ಅವಳ ಫೋನಿನಲ್ಲಿ ಬಿಳೀ ಪುಟ, ಮೇಲೆ ಸುತ್ತುತ್ತಲೇ ಇದ್ದ ಚಕ್ರ.

ಡಾಕ್ಟರು ನೋಡಿ, "ಈ ಸಲ ಏನೂ ಆಗಿಲ್ಲ, ಇನ್ನೊಂದ್ಸಲ ಮಾತ್ರ ಬೇಡ" ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಸಂಜೆ ತರಗತಿಯ ಮೇಡಮ್‌ಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ.

"ನಿಮ್ಮಂಗಡೀಲಿ ಒಬ್ಬರ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಮುಗ್ಸೋ ತನಕ ಅವ್ರನ್ನ ಕೌಂಟರ್ ಮುಂದೇನೇ ನಿಲ್ಲಿಸ್ತೀಯಾ?" ಎಂದರು ಅವರು.

"ಇಲ್ಲ ಮೇಡಮ್. ಚೀಟಿ ಕೊಟ್ಟು ಕಳಿಸ್ತೀವಿ."

"ಮತ್ತೆ? ನಿನ್ನ ಪ್ರೋಗ್ರಾಮು ಒಂದ್ಸಲಕ್ಕೆ ಒಂದೇ ಕೋರಿಕೆ ನೋಡುತ್ತೆ. ನಿಮ್ಮ ದೊಡ್ಡಮ್ಮಂದು ನಿನ್ನ ‘ಹೊರಟೆ’ಗೆ ಕಾಯ್ತಿತ್ತು. ನಿನ್ನ ‘ಹೊರಟೆ’ ಅವರ ಹಿಂದೆ ಸಾಲಲ್ಲಿ ನಿಂತಿತ್ತು. ಇಬ್ರೂ ಬಾಗಿಲಲ್ಲಿ ನಿಂತು, ನೀವು ಮುಂದೆ ಹೋಗಿ, ಇಲ್ಲ ನೀವು ಮುಂದೆ ಹೋಗಿ ಅಂದ ಹಾಗಾಯ್ತು!"

"ಸುಳ್ಳಾಗಬಾರ್ದು ಅಂತ..."

"ಕೇಳಿಸ್ತು ಅನ್ನೋದು ಸುಳ್ಳಲ್ಲಮ್ಮ. ಕೋರಿಕೆ ಬಂದ ತಕ್ಷಣ ಅಷ್ಟು ಹೇಳಿಬಿಡು. ಬರೋದು ಆಮೇಲೆ."

ಆ ಮಧ್ಯಾಹ್ನವೇ ಪ್ರೋಗ್ರಾಮಿನಲ್ಲಿ ಕಾಯಲು ಹೇಳಿದ್ದ ಸಾಲುಗಳನ್ನೆಲ್ಲ ಅಳಿಸಿದೆ. ಈಗ ಪ್ರೋಗ್ರಾಮು ನನ್ನ ಫೋನನ್ನು ಅದುರಿಸಿ, ನನಗಾಗಿ ಕಾಯದೆ ಅವಳಿಗೆ ಉತ್ತರ ಕೊಟ್ಟು, ಮುಂದಿನ ಕೋರಿಕೆಗೆ ತೆರವಾಗುತ್ತಿತ್ತು. ಈ ಸಲ ಸಾಲಾಗಿ ಎಷ್ಟೋ ಬಾರಿ ಒತ್ತಿ ನೋಡಿದೆ. ಆದರೂ ದೊಡ್ಡಮ್ಮನ ಕೈಗೆ ಫೋನು ಕೊಡುವಾಗ ಅವಳ ಮುಖ ನೋಡಲಾಗಲಿಲ್ಲ. ಅವಳೇ ನನ್ನ ಗಲ್ಲ ಹಿಡಿದೆತ್ತಿ, ಫೋನನ್ನು ಸೆರಗಿಗೆ ಒರೆಸಿ ಕೌಂಟರಿನ ಮೇಲಿಟ್ಟುಕೊಂಡಳು.

ಸಂಜೆ ಜೇಬು ಅದುರಿದಾಗ ಯಂತ್ರದ ಬಾಗಿಲಿಗೆ ದಪ್ಪನೆಯ ರಗ್ಗೊಂದು ಸಿಕ್ಕಿಕೊಂಡಿತ್ತು. ಎಳೆದೆ, ಬರಲಿಲ್ಲ. ಇನ್ನೇನು ಕೂಗುತ್ತಾಳೆ ಎಂದುಕೊಂಡೆ. ರಗ್ಗನ್ನು ಹೇಗೋ ಕಿತ್ತು, ನೀರು ಸೋರಿಸಿಕೊಂಡೇ ಓಡಿದೆ.

ದೊಡ್ಡಮ್ಮ ಆರಾಮವಾಗಿ ಕುಳಿತಿದ್ದಳು. ಎದುರಿಗಿದ್ದ ಗಿರಾಕಿಯ ಕಡೆಗೆ ಫೋನು ತಿರುಗಿಸಿ ಬೆರಳಿಟ್ಟು ತೋರಿಸುತ್ತಿದ್ದಳು. ಅವರು ಕನ್ನಡಕ ಮೇಲೇರಿಸಿ ಓದಿದರು: "ಕೇಳಿಸ್ತು ದೊಡ್ಡಮ್ಮ, ಬರ್ತೀನಿ."

ಆಮೇಲೆ ನನ್ನ ಕಡೆ ನೋಡಿ, "ನಿಧಾನಕ್ಕೆ ಬಾಮ್ಮ, ಅವಸರ ಏನಿಲ್ಲ" ಎಂದರು. ದೊಡ್ಡಮ್ಮ ಬಾಯಿ ತೆರೆಯದೆ ನನ್ನನ್ನು ಹತ್ತಿರಕ್ಕೆಳೆದುಕೊಂಡು, ಒದ್ದೆ ತೋಳನ್ನು ಹಿಂಡತೊಡಗಿದಳು.