ಯೂಸುಫ್ ಸಾಬರ ಗೋಲಿ, ಓಬಳೇಶಪ್ಪನ ಬೆಣೆ

ಕೊಟ್ಟೂರಿನ ಬಡಗಿ ಯೂಸುಫ್ ಸಾಬರು ಯಾರ ಮನೆಗೆ ಹೋದರೂ ಮೊದಲು ಮಾಡುತ್ತಿದ್ದ ಕೆಲಸವೆಂದರೆ, ಕೋಟಿನ ಎಡಜೇಬಿನಿಂದ ಹಸಿರು ಗಾಜಿನ ಗೋಲಿಯೊಂದನ್ನು ತೆಗೆದು ನೆಲದ ಮೇಲಿಟ್ಟು, ಅದು ಯಾವ ದಿಕ್ಕಿಗೆ ಉರುಳುವುದೆಂದು ನೋಡಿ, ಆಮೇಲೆ ಆ ಮನೆಯ ಯಜಮಾನನತ್ತ ಒಂದು ಕನಿಕರದ ದೃಷ್ಟಿ ಬೀರುವುದು. ನಲವತ್ತು ವರ್ಷಗಳಲ್ಲಿ ಆ ಗೋಲಿಯಿಂದ ಅವಮಾನಿತವಾಗದ ನೆಲ ಕೂಡ್ಲಿಗಿಯಿಂದ ಹಡಗಲಿಯವರೆಗೆ ಒಂದೂ ಉಳಿದಿರಲಿಲ್ಲ. ತಮ್ಮನಿಗೆ ಹೆಣ್ಣು ನೋಡಲು ಹರಪನಹಳ್ಳಿಗೆ ಹೋದಾಗ ಗೋಲಿ ನೇರ ಬಾಗಿಲತ್ತ ಉರುಳಿತೆಂದು ಚಹಾ ಕುಡಿಯದೆ ಎದ್ದು ಬಂದರೆಂಬ ಕಥೆಯೂ ಪ್ರಚಾರದಲ್ಲಿದೆ. ಪ್ರಚಾರ ಮಾಡಿದವನು ನಾನೇ ಆದ್ದರಿಂದ ಅದನ್ನು ಅರ್ಧ ನಂಬಿದರೆ ಸಾಕು. "ಗೋಲಿ ಸುಳ್ಳು ಹೇಳಂಗಿಲ್ರಿ" ಎಂಬುದು ಮಾತ್ರ ಅವರದೇ ಮಾತು. ಮಳೆಯ ಬಗ್ಗೆ ಮಾತಾಡಲಿ, ಅಳಿಯನ ಬಗ್ಗೆ ಮಾತಾಡಲಿ, ಕೊನೆಗೆ ಅದನ್ನು ಹೇಳಿಯೇ ಮುಗಿಸುತ್ತಿದ್ದರು.

ಆ ಕೋಟಿನ ಮೂಲ ಬಣ್ಣ ಯಾವುದೆಂದು ಹೊಲಿದ ದರ್ಜಿಗೆ ಮಾತ್ರ ಗೊತ್ತಿತ್ತು, ಅವನು ತೀರಿಕೊಂಡು ಬಹುಕಾಲವಾಗಿತ್ತು. ಅರಗು, ಮೇಣ, ವಾರ್ನಿಷ್‌ಗಳನ್ನು ಕುಡಿದು ಕುಡಿದು ಅದೆಷ್ಟು ಬಿರುಸಾಗಿತ್ತೆಂದರೆ, ಬಿಚ್ಚಿಟ್ಟರೆ ಮೂಲೆಯಲ್ಲಿ ತಾನೇ ನಿಂತಿರುತ್ತಿತ್ತು. ಸಾಬರು ಊಟಕ್ಕೆ ಹೋದಾಗ ಗಿರಾಕಿಗಳು ಕೋಟಿನೊಂದಿಗೇ ಚೌಕಾಸಿ ಮಾಡಿ ಹೋದದ್ದುಂಟು. ನಡಿಗೆ ತುಂಬಿದ ಕೊಡ ಹೊತ್ತವರದು. ಕೈಯೋ, ಒರಟನ್ನು ಕಂಡರೆ ತಡೆಯಲಾರದ ಕೈ. ಕುರ್ಚಿಯ ಮೇಲ್ಭಾಗಕ್ಕೆ ಎಷ್ಟು ನುಣುಪೋ ಯಾರೂ ಕಾಣದ ತಳಕ್ಕೂ ಅಷ್ಟೇ ನುಣುಪು. ಚೌಡಣ್ಣನ ಎಮ್ಮೆಗೆ ಅವರು ಮಾಡಿಕೊಟ್ಟ ಗೂಟ ಕನ್ನಡಿಯಂತೆ ಹೊಳೆಯುತ್ತಿತ್ತು. ಎಮ್ಮೆ ಒಮ್ಮೆ ಕತ್ತು ಕೊಡವಿದ್ದೇ ತಡ, ಗೂಟ ಬೆಣ್ಣೆಯಿಂದೆಂಬಂತೆ ನೆಲದಿಂದ ಜಾರಿ ಬಂತು, ಎಮ್ಮೆ ಹಿರೇಹಡಗಲಿಯಲ್ಲಿ ಸಿಕ್ಕಿತು. ಊರೆಲ್ಲ ನಕ್ಕಿತು. ಸಾಬರು ಎಮ್ಮೆಯನ್ನೇ ಬೈದರು.

ನಮ್ಮ ಕಡೆಯ ರೈಲು ನಿಂತುಹೋಗಿ ಮೂರ್ನಾಲ್ಕು ವರ್ಷವಾಗಿದ್ದ ಕಾಲ, ತೊಂಬತ್ತೆಂಟನೆಯ ಇಸವಿ. ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದು ನಿವೃತ್ತನಾದ ಓಬಳೇಶಪ್ಪ ಒಂದು ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಸಾಬರ ಅಂಗಡಿಗೆ ಬಂದಾಗ ನಾನು ಅಲ್ಲಿಯೇ ಹಲಗೆಯ ಮೇಲೆ ಕೂತಿದ್ದೆ. ಪೆಟ್ಟಿಗೆಯಲ್ಲಿ ಅವನ ಮಗಳು ರಮಾ ಹುಬ್ಬಳ್ಳಿಯಿಂದ ತಂದ ಪುಟ್ಟ ರೈಲು: ಕರೆಂಟಿನಿಂದ ಓಡುವ ಗೇಣುದ್ದದ ಎಂಜಿನ್ನು, ಎರಡು ಗೂಡ್ಸ್ ಡಬ್ಬಿ, ಒಂದಷ್ಟು ಹಳಿ.

"ಸಾಬ್ರ, ಇದಕ್ಕೊಂದು ನೆಲ ಬೇಕು. ಆರಡಿಗೆ ನಾಕಡಿ. ನಾನು ಇದ್ದ ಸ್ಟೇಷನ್ ಹೆಂಗಿತ್ತೋ ಹಂಗ ಆಗಬೇಕು."

ಸ್ಟೇಷನ್ನಿನ ಹೆಸರು ಬೇಡ, ಈಗ ಅಲ್ಲಿ ಜಾಲಿ ಬೆಳೆದಿದೆ. ಸಾಬರು ಸಾಗುವಾನಿಯ ಚೌಕಟ್ಟು ಕಟ್ಟಿದರು, ಅಡಿಗೊಂದು ಅಡ್ಡಪಟ್ಟಿ ಕೂಡಿಸಿದರು, ತಂತಿ ಹಾಯಲೆಂದು ಪಟ್ಟಿಪಟ್ಟಿಗೂ ತೂತು ಕೊರೆದರು, ಮೇಲೆ ಪ್ಲೈವುಡ್ ಹಾಸಿದರು, ಕಾಲುಗಳಿಗೆ ಏರಿಳಿಸುವ ಬೋಲ್ಟು ಇಟ್ಟರು. ಅದಕ್ಕೆ ತೆಗೆದುಕೊಂಡ ಅವಧಿಯಲ್ಲಿ ತುಂಗಭದ್ರೆಗೆ ಇನ್ನೊಂದು ಅಣೆಕಟ್ಟು ಕಟ್ಟಿ ಕಾಲುವೆಗೆ ನೀರನ್ನೂ ಬಿಡಬಹುದಿತ್ತು. ಕೊನೆಗೆ ಓಬಳೇಶಪ್ಪನ ಪಡಸಾಲೆಯಲ್ಲಿ ಹಲಗೆಯನ್ನಿಟ್ಟು, ಬೋಲ್ಟು ತಿರುವಿ, ನಡುವೆ ಗೋಲಿ ಬಿಟ್ಟರೆ ಅದು ತಪಸ್ಸಿಗೆ ಕುಳಿತಂತೆ ಕುಳಿತುಬಿಟ್ಟಿತು.

ಓಬಳೇಶಪ್ಪ ಹಳಿ ಜೋಡಿಸಿ, ಒಂದು ಡಬ್ಬಿಯನ್ನು ಇಟ್ಟು ನೋಡಿದ. ಅವನ ಮುಖ ಇಳಿಯಿತು.

"ಇದು ನಿಂತೈತಲ್ರೀ ಸಾಬ್ರ."

"ನಿಂದರದ ಏನ್ ಮಾಡ್ತೈತಿ? ಮಾಡಿದಾವ ಯಾರು?"

"ನಮ್ಮ ಸ್ಟೇಷನ್ನಿನ್ಯಾಗ ನಿಂದರ್ತಿದ್ದಿಲ್ಲ. ನೂರಡಿಗೆ ಒಂದಡಿ ಇಳವು ಇತ್ತು. ಈ ತುದಿ ಮುಕ್ಕಾಲಿಂಚು ಇಳಸ್ರಿ."

ಯೂಸುಫ್ ಸಾಬರು ರಂಜಾನಿನ ಸುರಕುಂಬಾ ಪಾಯಸಕ್ಕೆ ಖಾರ ಹಾಕೆಂದು ಹೇಳಿಸಿಕೊಂಡವರಂತೆ ದಿಗ್ಭ್ರಾಂತರಾಗಿ ನಿಂತರು. ಜೀವಮಾನದಲ್ಲಿ ಅವರನ್ನು ಓರೆ ಮಾಡೆಂದು ಕೇಳಿದವರಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಓಬಳೇಶಪ್ಪನ ಹೆಂಡತಿ ಹಂಪಮ್ಮ, "ಹದಿನೇಳು ವರ್ಷಾತು, ಆ ಇಳವು ಇವ್ರನ್ನ ಬಿಟ್ಟಿಲ್ರಿ" ಅಂದಳು.

ಹದಿನೇಳು ವರ್ಷಗಳ ಹಿಂದಿನ ಒಂದು ಮಧ್ಯಾಹ್ನ ಶೇಂಗಾ ಚೀಲ ತುಂಬಿದ ಎರಡು ಡಬ್ಬಿಗಳು, ಪಕ್ಕದ ಹಳಿಯ ಮೇಲೆ ಗೂಡ್ಸ್ ಗಾಡಿ ಹಾದುಹೋದ ಕೂಡಲೇ ತಮ್ಮಷ್ಟಕ್ಕೆ ತಾವೇ ಹೊರಟು, ಮೈಲಿಯಾಚೆಯ ಮುಚ್ಚಿದ ಗೇಟನ್ನು ಮುರಿದು ಹೋಗಿದ್ದವು. ಆ ರಭಸಕ್ಕೆ ಗೇಟಿನವನ ಮೀಸೆಯ ತುದಿಗಳು ಹಿಂದಕ್ಕೆ ತಿರುಗಿದವು, ಮತ್ತೆ ನೆಟ್ಟಗಾಗಲಿಲ್ಲ. ನಿಂತ ಡಬ್ಬಿಯ ಗಾಲಿಗೆ ಮರದ ಬೆಣೆ ಇಡುವುದು ಓಬಳೇಶಪ್ಪನ ಕೆಲಸ. ಬೆಣೆಗಳು ದೂರದಲ್ಲೆಲ್ಲೋ ಬಿದ್ದು ಸಿಕ್ಕಿದ್ದರಿಂದ ಇಟ್ಟೇ ಇರಲಿಲ್ಲವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಬಡ್ತಿ ನಿಂತಿತು, 'ಬೆಣೆ ಮರೆತ ಓಬಳೇಶ' ಎಂಬ ಹೆಸರು ಮಾತ್ರ ನಿಲ್ಲಲಿಲ್ಲ.

"ಹಾಕಿದ್ದೆ ಹಾಕಿದ್ದೆ ಅನಕೋತ ಬಂದೆ. ಈಗ ನನಗ ಖಾತ್ರಿ ಇಲ್ರಿ ಸಾಬ್ರ. ಬೆಣಿ ಇದ್ರ ಡಬ್ಬಿ ನಿಂದರ್ತಿತ್ತೋ ಇಲ್ಲೋ ಕಣ್ಣಿಲೆ ನೋಡಬೇಕು. ನಿಂತ್ರ ಮರೆತಾವ ನಾನಾ. ಬೆಣಿ ಆವಾಗ ನೀವ ಮಾಡಿಕೊಟ್ಟಿದ್ರಿ. ಅಂಥವಾ ಸಣ್ಣವು ಮಾಡಿಕೊಡ್ರಿ" ಅಂದ ಓಬಳೇಶಪ್ಪ.

ಸಾಬರು ಮುಖ ಅತ್ತ ತಿರುಗಿಸಿಕೊಂಡು, ಪಾಪಕಾರ್ಯ ಮಾಡುವವರಂತೆ ಬೋಲ್ಟು ಇಳಿಸಿದರು. ಗೋಲಿ ಟಣ್ಣನೆ ನೆಲಕ್ಕೆ ಬಿದ್ದು ಮೂಲೆ ಸೇರಿತು. ಆಮೇಲೆ ಅಂಗಳದಲ್ಲಿ ಕೂತು ಜಾಲಿಯ ಚೂರಿನಿಂದ ಬೆರಳ ತುದಿಯಷ್ಟು ಬೆಣೆ ಕೆತ್ತಿ, ಗಾಜುಕಾಗದದಿಂದ ಉಜ್ಜಿ, ಮೇಣ ತಿಕ್ಕಿ, ಊದಿ, ಮತ್ತೆ ತಿಕ್ಕಿ, ಆಭರಣದಂತೆ ಹೊಳೆಯಿಸಿ ತಂದು ಕೊಟ್ಟರು.

ಓಬಳೇಶಪ್ಪ ಡಬ್ಬಿಗೆ ನಾಲ್ಕು ಶೇಂಗಾ ತುಂಬಿ, ಗಾಲಿಗೆ ಬೆಣೆ ಕೊಟ್ಟು ಕೈ ತೆಗೆದ. ಡಬ್ಬಿ ನಿಂತಿತು.

"ನಿಂತೈತಿ" ಅಂದ, ತನ್ನ ವಿರುದ್ಧ ತಾನೇ ತೀರ್ಪು ಓದಿಕೊಂಡವನ ಹಾಗೆ. ಹಂಪಮ್ಮ ನೆಲ ನೋಡಿದಳು. ಆಮೇಲೆ ಓಬಳೇಶಪ್ಪನೇ, "ಗೂಡ್ಸ್ ಒಂದು ಹಾಯಬೇಕಲ್ಲ" ಎಂದು ಪಕ್ಕದ ಹಳಿಯ ಮೇಲೆ ಎಂಜಿನ್ನು ಬಿಟ್ಟ.

ಎಂಜಿನ್ನು ಗುಂಯ್ ಎಂದು ಸುತ್ತತೊಡಗಿತು, ಹಲಗೆ ಸಣ್ಣಗೆ ನಡುಗಿತು. ಆ ನಡುಕಕ್ಕೆ ಬೆಣೆ ಎಳ್ಳಿನಷ್ಟು ಸರಿಯಿತು. ಇನ್ನೊಂದು ಸುತ್ತಿಗೆ ಜೋಳದಷ್ಟು. ಮೂರನೆಯ ಸುತ್ತಿಗೆ ಡಬ್ಬಿ ಬೆಣೆಯನ್ನು ನಯವಾಗಿ ಮುಂದೆ ತಳ್ಳಿಕೊಂಡು, ಇಳಿಜಾರಿನುದ್ದಕ್ಕೂ ಹೋಗಿ, ಶೇಂಗಾ ಸಮೇತ ನೆಲಕ್ಕೆ ಬಿತ್ತು.

ಸಾಬರು ಬೆಣೆಯನ್ನೆತ್ತಿ ಅದರ ತಳಕ್ಕೆ ಹೆಬ್ಬೆರಳು ಆಡಿಸಿದರು. ಅಂದು ರೈಲ್ವೆಯವರು ಬೆಣೆಗಳನ್ನು ಗರಗಸದಲ್ಲಿ ಕೊಯ್ದ ಹಾಗೆಯೇ ಒರಟಾಗಿ ಕೊಡಿ ಅಂದಿದ್ದರು. ಹಾಗೆ ಕೊಡುವುದು ತಮ್ಮ ಕೈಗೆ ಅಪಮಾನವೆಂದು ಇವರೇ ಎರಡು ದಿನ ಕೂತು ಮೇಣ ತಿಕ್ಕಿದ್ದರು. ಈಗ ಅರ ತೆಗೆದು ಆ ತಳವನ್ನು ಗೀಚಿ ಗೀಚಿ ಒರಟು ಮಾಡಿ, ಡಬ್ಬಿಗೆ ಕೊಟ್ಟರು. ಎಂಜಿನ್ನು ಹತ್ತು ಸುತ್ತು ಸುತ್ತಿತು. ಡಬ್ಬಿ ಕದಲಲಿಲ್ಲ.

"ಓಬಳೇಶಣ್ಣ, ಅದು ನನ್ನ ಕೈ" ಅಂದರು ಸಾಬರು. ಗೋಲಿಯ ಮಾತು ಅದರ ಹಿಂದೆ ಬರಲಿಲ್ಲ.

ಓಬಳೇಶಪ್ಪ ಅವರತ್ತ ನೋಡಲೇ ಇಲ್ಲ. "ಹಂಗಾರ ನಾನು ಹಾಕಿದ್ದೆ" ಅಂದ. ಮತ್ತೊಮ್ಮೆ, ಹೆಂಡತಿಯ ಕಡೆ ತಿರುಗಿ, "ಹಾಕಿದ್ದೆನಲ್ಲಲೇ" ಅಂದ.

"ದೀಪ ಆರಿಸೋದ ಮರೀತಾರ, ಇದನ್ನೂ ಮರೆತಿರಬೇಕು ಅಂತ ನಾನೂ ಅನಕಂಡಿದ್ದೆ" ಎಂದು ಹಂಪಮ್ಮ ಸೆರಗು ಬಾಯಿಗೊತ್ತಿಕೊಂಡಳು.

ಓಬಳೇಶಪ್ಪ ಸಾಬರಿಗೆ ಶಾಪವನ್ನೂ ಹೊಗಳಿಕೆಯನ್ನೂ ಒಟ್ಟಿಗೇ ಕೊಟ್ಟ: "ನಿಮ್ಮ ಕೈ ಸೇದಿಹೋಗ್ಲಿ ಸಾಬ್ರ. ಭಾಳ ಚಂದ ಮಾಡಿದ್ರಿ."

ಮುಂದಿನ ಸಂತೆಯ ದಿನ ಯೂಸುಫ್ ಸಾಬರು ಬಸ್‌ಸ್ಟ್ಯಾಂಡಿನಿಂದ ಹಿಡಿದು ಚಹಾದಂಗಡಿಗಳವರೆಗೆ ನಡೆದು, ಕಂಡಕಂಡವರ ಅಂಗೈಯಲ್ಲಿ ಆ ಬೆಣೆಯನ್ನಿಟ್ಟು, ತಪ್ಪು ಯಾರದೆಂದು ತಾವೇ ಹೇಳಿ ಬಂದರು. ಸಂಜೆ ಅವರ ಹೆಂಡತಿ ನಜಮುನ್ನೀಸಾ, "ಇಷ್ಟು ದಿನ ಮಂದಿ ನೆಲಾನ ನೋಡಿದ್ರಿ" ಎಂದು ನೀರು ಕೊಟ್ಟಳಂತೆ. ಮೂಲೆ ಸೇರಿದ ಗೋಲಿಯನ್ನು ಅವರು ವಾಪಸು ಕೇಳಲಿಲ್ಲ. ಆಮೇಲೆ ಅವರು ಮಾಡಿದ ನನ್ನ ಸ್ಟೂಲಿನ ತಳದಲ್ಲಿ ಹೆಬ್ಬೆರಳಗಲದ ಒಂದು ಜಾಗ ಗರಗಸದ ಹಲ್ಲಿನ ಗುರುತಿನೊಂದಿಗೆ ಹಾಗೆಯೇ ಉಳಿದಿದೆ. ಕೂತಾಗಲೆಲ್ಲ ನನ್ನ ಬೆರಳು ಅದನ್ನು ಹುಡುಕಿಕೊಂಡು ಹೋಗುತ್ತದೆ.

ಕಸುಬಿನ ತುತ್ತತುದಿ ಮುಟ್ಟಿದವರ ಸ್ವಭಾವವೇ ಹೀಗೇನೋ. ಪ್ರಮಾದವೊಂದು ನಡೆದಾಗ ಅವರು ತಾವು ಕೆಡಿಸಿದ್ದನ್ನೆಲ್ಲ ತಿರುವಿ ನೋಡಿ, ಏನೂ ಸಿಗದೆ ನಿಶ್ಚಿಂತರಾಗುತ್ತಾರೆ. ಚೆಂದವಾಗಿ ಮಾಡಿದ್ದನ್ನು ಪರೀಕ್ಷಿಸಬೇಕೆಂದು ಅವರಿಗೂ ಹೊಳೆಯುವುದಿಲ್ಲ, ಅವರನ್ನು ಹೊಗಳುತ್ತ ಕೂತ ನಮಗಂತೂ ಮೊದಲೇ ಹೊಳೆಯುವುದಿಲ್ಲ. ಅಷ್ಟರಲ್ಲಿ ಎಲ್ಲೋ ಒಬ್ಬ ಓಬಳೇಶಪ್ಪ, ತಾನು ಮಾಡಿದ ಕೆಲಸವನ್ನು ಮಾಡಿಯೇ ಇಲ್ಲವೇನೋ ಎಂದು ಹದಿನೇಳು ವರ್ಷ ತನ್ನನ್ನೇ ಕೇಳಿಕೊಳ್ಳುತ್ತಿರುತ್ತಾನೆ.