ಯಮುನಾ ಹೇಳಿದ ಹೀಬ್ರೂ ಪ್ರಾರ್ಥನೆ

ಇಸ್ರೇಲಿನ ಹೈಫಾದಲ್ಲಿ ಮುದುಕರೊಬ್ಬರನ್ನು ನೋಡಿಕೊಳ್ಳುವ ಕೆಲಸ ಮುಗಿಸಿ ಯಮುನಾ ಜವನಗೊಂಡನಹಳ್ಳಿಗೆ ಬಂದ ವಾರವೇ, ಊರಿನ ಪುಟ್ಟ ಪ್ರಾರ್ಥನಾ ಮಂದಿರದ ಪಾಸ್ಟರು ಅವಳನ್ನು ಭಾನುವಾರಕ್ಕೆ ಕರೆದರು. ಯೇಸು ಓದಿದ ಭಾಷೆ ಬಲ್ಲವರು ಈ ಊರಲ್ಲಿ ಇನ್ಯಾರಿದ್ದಾರೆ, ಒಂದು ಕೀರ್ತನೆ ಓದಿದರೆ ಸಾಕು ಅಂದರು. ಓದಲು ಬರುವುದಿಲ್ಲ ಎಂದು ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಮಗಳಿಗೆ ಹೀಬ್ರೂ ನೀರು ಕುಡಿದಷ್ಟು ಸಲೀಸು ಎಂದು ಅವ್ವ ಊರೆಲ್ಲ ಡಂಗುರ ಸಾರಿಯಾಗಿತ್ತು. ಹೊಗಳಿಕೆ ಯಾರಿಗೆ ತಾನೆ ಬೇಡ?

ಅವಳಿಗೆ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಬಂದ ಮಾತಾದರೂ ಏನು? ಏಳಿ, ಕೂರಿ, ಸೂಪು ಕುಡಿಯಿರಿ, ಇಷ್ಟೇ. ಹೈಫಾದ ಆ ಅಜ್ಜ ತರಕಾರಿಯವನ ಜೊತೆ ಜಗಳವಾಡುತ್ತಿದ್ದುದೂ ಹೀಬ್ರೂವಿನಲ್ಲೇ, ಶುಕ್ರವಾರ ಸಂಜೆ ದ್ರಾಕ್ಷಾರಸದ ಲೋಟ ಹಿಡಿದು ದೇವರನ್ನು ಸ್ತುತಿಸುತ್ತಿದ್ದುದೂ ಹೀಬ್ರೂವಿನಲ್ಲೇ. ಆದರೆ ಎರಡನ್ನೂ ಎಂದೂ ಬೆರೆಸುತ್ತಿರಲಿಲ್ಲ. ಪ್ರಾರ್ಥನೆಯಲ್ಲಿ ಹೇಳುವ ದೇವರ ಹೆಸರನ್ನು ಬರಿಮಾತಿನಲ್ಲಿ ಎತ್ತದೆ, 'ಹಶೇಮ್', ಅಂದರೆ 'ಆ ಹೆಸರು' ಎನ್ನುತ್ತಿದ್ದರು. ಅವರು ಪ್ರಾರ್ಥಿಸುವಾಗ ಯಮುನಾ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು.

ಭಾನುವಾರ ಪಾಸ್ಟರು ಹೀಬ್ರೂ ಪುಸ್ತಕವನ್ನು ಕೈಗಿಟ್ಟರು. ಜನ ಕಣ್ಣು ಮುಚ್ಚಿ ಕಾದರು. ಯಮುನಾ ಓದುವವಳ ಹಾಗೆ ಪುಟದ ಮೇಲೆ ಬೆರಳಾಡಿಸುತ್ತ, ಬಾಯಿಗೆ ಬಂದದ್ದನ್ನು ಎಳೆದೆಳೆದು ಹೇಳಿದಳು: "ತಿಫ್ತಾಹ್ ಎತ್ ಹಪೆ, ತಿವ್ಲಾ ಎತ್ ಹಕದುರ್." ಬಾಯಿ ತೆಗೆಯಿರಿ, ಮಾತ್ರೆ ನುಂಗಿ. ಜನವೆಲ್ಲ ಆಮೆನ್ ಅಂದಿತು. ಮುಂದೆ ಕೂತಿದ್ದ, ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿದ್ದ ಸಣ್ಣಪ್ಪ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಯಮುನಾಗೆ ನಿಂತ ನೆಲವೇ ಬಾಯಿಬಿಡಬಾರದೇ ಅನ್ನಿಸಿತು.

ಮರುವಾರ ಸಣ್ಣಪ್ಪನ ಹೆಂಡತಿ ಓಬವ್ವ ಮನೆಗೆ ಬಂದಳು. ಆ ಪ್ರಾರ್ಥನೆ ಕೇಳಿದಾಗಿನಿಂದ ಗಂಡ ಬಿಪಿ ಮಾತ್ರೆ ಮುಟ್ಟುತ್ತಿಲ್ಲ, ದೇವರೇ ವಾಸಿ ಮಾಡಿದ ಅನ್ನುತ್ತಾನೆ. ಮಾತ್ರೆ ಬಿಟ್ಟರೆ ಮತ್ತೆ ಲಕ್ವ ಹೊಡೆಯುತ್ತದೆ, ಜೀವ ಉಳಿಯಲಿಕ್ಕಿಲ್ಲ ಎಂದು ಹಿರಿಯೂರಿನ ಡಾಕ್ಟರು ಮೊದಲೇ ಹೇಳಿದ್ದರು.

ಯಮುನಾ ಚಪ್ಪಲಿಯನ್ನೂ ಮೆಟ್ಟದೆ ಹೊರಟಳು. ಸಣ್ಣಪ್ಪನ ಮಂಚದ ಪಕ್ಕ ನೆಲದ ಮೇಲೆ ಕೂತಳು.

"ದೊಡ್ಡಪ್ಪಾ, ನಾನು ಹೇಳಿದ್ದು ಪ್ರಾರ್ಥನೆ ಅಲ್ಲ. ನಂಗೆ ಓದಾಕೆ ಬರಲ್ಲ. ಮಾತ್ರೆ ನುಂಗು ಅಂತ ಹೇಳಿದ್ದು."

ಓಬವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಸಣ್ಣಪ್ಪ ಮಾತ್ರ ನಕ್ಕ. ತನಗೆ ಮಾತ್ರೆ ತಿನ್ನಿಸಲು ಹೆಂಡತಿಯೇ ಹೀಗೆ ಹೇಳಿಕೊಟ್ಟಿದ್ದಾಳೆ, ಅದೂ ತನಗೆ ಗೊತ್ತಾಗುವುದಿಲ್ಲವೇ ಅಂದ. ಯಮುನಾ ಆಣೆ ಇಟ್ಟಳು, ಅತ್ತಳು. ಅವನು ಗೋಡೆಯ ಕಡೆ ಮುಖ ತಿರುಗಿಸಿದ.

ಓಬವ್ವ ಒಳಗೆ ಹೋಗಿ ಮಾತ್ರೆ, ನೀರು ತಂದಳು. ಬೈಯಲಿಲ್ಲ. ಬೈದಿದ್ದರೆ ಯಮುನಾಗೆ ಎಷ್ಟೋ ಹಗುರವಾಗುತ್ತಿತ್ತು.

"ಕನ್ನಡದಾಗೆ ಹೇಳಿದ್ರೆ ಕೇಳಂಗಿಲ್ಲ ಕಣವ್ವ. ಆ ಭಾಷೆಯಾಗೇ ಹೇಳು."

ಯಮುನಾ ಬೇಡವೆಂದು ತಲೆಯಾಡಿಸಿದಳು. ಓಬವ್ವ ಮಾತ್ರೆ ಇಟ್ಟ ಅಂಗೈ ಚಾಚಿ ಹಾಗೇ ನಿಂತಿದ್ದಳು. ಕೊನೆಗೆ ಯಮುನಾ ತಲೆ ತಗ್ಗಿಸಿ, ಅದೇ ಎಳೆದ ದನಿಯಲ್ಲಿ ಹೇಳಿದಳು. ಸಣ್ಣಪ್ಪ ಈ ಕಡೆ ತಿರುಗಿ, ಕಣ್ಣು ಮುಚ್ಚಿ, ಪ್ರಸಾದಕ್ಕೆ ತೆರೆದಂತೆ ಬಾಯಿ ತೆರೆದ. ಮಾತ್ರೆ ಇಳಿಯಿತು. ಆಮೆನ್ ಅಂದು, ಮಂಚದಿಂದಲೇ ಬಗ್ಗಿ ಬಲಗೈಯನ್ನು ಯಮುನಾಳ ಪಾದಕ್ಕೆ ಮುಟ್ಟಿಸಿ ಕಣ್ಣಿಗೊತ್ತಿಕೊಂಡ.

"ನಾಳೆನೂ ಬರ್ಬೇಕು," ಅಂದಳು ಓಬವ್ವ, ಅವಳ ಮುಖ ನೋಡದೆ.